ಉಸಿರು ಎಲ್ಲಿ ಎಳೆಯಬೇಕು?

1979ರ ವಸಂತಕಾಲ, ಲಂಡನ್ನಿನ ರೌಂಡ್‌ಹೌಸ್ ಸ್ಟುಡಿಯೋ. ಎಸಿ/ಡಿಸಿ ತಂಡದ ಗಾಯಕ ಬಾನ್ ಸ್ಕಾಟ್ ಮೈಕಿನ ಮುಂದೆ ನಿಂತು ಹಾಡಿದ್ದಾನೆ. ಕನ್ಸೋಲಿನ ಹಿಂದೆ ಕುರ್ಚಿಯಲ್ಲಿ ಕೂತ ಮೂವತ್ತರ ಯುವಕನಿಗೆ ತೃಪ್ತಿಯಿಲ್ಲ. ಇಲ್ಲಿ ಉಸಿರು ಸಾಲಲಿಲ್ಲ, ಇಲ್ಲಿ ಬೇಗ ಎಳೆದುಕೊಂಡೆ, ಇನ್ನೊಂದು ಸಲ ಹಾಡು ಎನ್ನುತ್ತಿದ್ದಾನೆ. ಬಾನ್ ಸಾಮಾನ್ಯ ಆಸಾಮಿಯಲ್ಲ. ಡ್ರಮ್ಮರಾಗಿ ಶುರುಮಾಡಿ, ಆಸ್ಟ್ರೇಲಿಯಾದ ಪಬ್ಬುಗಳಲ್ಲಿ ಕುಡುಕರ ಕೂಗಾಟದ ಮೇಲೆ ಕೂಗಿ ಗಂಟಲು ಪಳಗಿಸಿಕೊಂಡವನು. ಅವನಿಗೆ ರೇಗಿತು. ಅಷ್ಟು ಚೆನ್ನಾಗಿ ಬಂದರೆ ನೀನೇ ಹಾಡು ನೋಡೋಣ ಎಂದು, ಬರೆಯಲಾಗದ ಒಂದು ಬೈಗುಳವನ್ನೂ ಸೇರಿಸಿ ಸವಾಲೆಸೆದ. ಕನ್ಸೋಲಿನ ಹಿಂದಿದ್ದವನು ಹಾಡಿಯೇಬಿಟ್ಟ. ಅದೂ ಕೂತ ಕುರ್ಚಿಯಿಂದ ಏಳದೆ! ತಂಡದ ಟೂರ್ ಮ್ಯಾನೇಜರ್ ಇಯಾನ್ ಜೆಫ್ರಿ ಈ ಪ್ರಸಂಗವನ್ನು ಎಷ್ಟೋ ವರ್ಷಗಳ ಮೇಲೂ ಬೆರಗಿನಿಂದ ನೆನೆಯುತ್ತಿದ್ದ.

ಹಾಗೆ ಹಾಡಿದವನು ರಾಬರ್ಟ್ ಜಾನ್ 'ಮಟ್' ಲ್ಯಾಂಗ್. ರಾಕ್ ಸಂಗೀತದ ಮಟ್ಟಿಗೆ ಪ್ರೊಡ್ಯೂಸರ್ ಎಂದರೆ ನಮ್ಮ ಗಾಂಧಿನಗರದವರ ಹಾಗೆ ದುಡ್ಡು ಹಾಕುವವನಲ್ಲ. ಯಾವ ವಾದ್ಯ ಎಷ್ಟು ಕೇಳಬೇಕು, ಯಾವ ಟೇಕ್ ಉಳಿಯಬೇಕು, ಯಾವ ಸಾಲು ಕಸದ ಬುಟ್ಟಿಗೆ ಹೋಗಬೇಕು ಎಂದು ತೀರ್ಮಾನಿಸುವವನು. ಲ್ಯಾಂಗ್ ಇದನ್ನೆಲ್ಲ ಮಾಡಿದ, ಜೊತೆಗೆ ಹಾಡು ಬರೆದ. ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತ ದೊಡ್ಡ ಕೆಲಸವೆಂದರೆ, ಹೆಸರು ಮಾಡಿದ ಗಾಯಕರನ್ನು ಕೂರಿಸಿಕೊಂಡು ಅವರಿಗೆ ಹಾಡಲು ಕಲಿಸಿದ್ದು. ಅದು ಮಾತ್ರ ಎಲ್ಲೂ ದಾಖಲಾಗಲಿಲ್ಲ.

ಹುಟ್ಟಿದ್ದು 1948ರ ನವೆಂಬರಿನಲ್ಲಿ, ಇಂದಿನ ಜಾಂಬಿಯಾದ ಮುಫುಲಿರಾ ಎಂಬ ತಾಮ್ರದ ಗಣಿಯೂರಿನಲ್ಲಿ. ತಂದೆ ಗಣಿ ಎಂಜಿನಿಯರ್. ಬೆಳೆದದ್ದು ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿ ಹೋಕಸ್ ಎಂಬ ತಂಡ ಕಟ್ಟಿ ಒಂದಿಷ್ಟು ಹಾಡಿ, ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿಗೆ ಬಂದ. ಸಿಟಿ ಬಾಯ್, ಗ್ರಹಾಂ ಪಾರ್ಕರ್ ಎಂದು ಒಂದೊಂದಾಗಿ ಕೆಲಸ ಸಿಕ್ಕಿತು. 1978ರಲ್ಲಿ ಅವನು ಪ್ರೊಡ್ಯೂಸ್ ಮಾಡಿದ ಬೂಮ್‌ಟೌನ್ ರ‍್ಯಾಟ್ಸ್ ತಂಡದ 'ರ‍್ಯಾಟ್ ಟ್ರ್ಯಾಪ್' ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಎಸಿ/ಡಿಸಿ ಅವನ ಕೈಗೆ ಬಂದದ್ದು ಒಂದು ಮನಸ್ತಾಪದಿಂದ. ಅಲ್ಲಿಯವರೆಗೆ ಆ ತಂಡದ ರೆಕಾರ್ಡುಗಳನ್ನು ಮಾಡಿಸುತ್ತಿದ್ದವರು ಗಿಟಾರಿಸ್ಟ್ ಸಹೋದರರಾದ ಮಾಲ್ಕಂ ಮತ್ತು ಆಂಗಸ್ ಯಂಗ್ ಅವರ ಅಣ್ಣ ಜಾರ್ಜ್, ಮತ್ತವನ ಜೊತೆಗಾರ ಹ್ಯಾರಿ ವಾಂಡಾ. ಅಮೆರಿಕದ ಕಂಪನಿಗೆ ಅದು ಸಾಲಲಿಲ್ಲ. ಅಣ್ಣನನ್ನು ಬಿಡಿಸಿ, ಜಿಮಿ ಹೆಂಡ್ರಿಕ್ಸ್‌ಗೆ ಎಂಜಿನಿಯರ್ ಆಗಿದ್ದ ಎಡ್ಡಿ ಕ್ರೇಮರ್‌ನನ್ನು ತಂದು ಕೂರಿಸಿದರು. ಅವನಿಗೂ ತಂಡಕ್ಕೂ ಹೊಂದಲಿಲ್ಲ. ಮಾಲ್ಕಂ ಮ್ಯಾನೇಜರಿಗೆ ಫೋನ್ ಮಾಡಿ ಗೋಳು ಹೇಳಿಕೊಂಡ. ಆಗ ಸಿಕ್ಕವನೇ ಲ್ಯಾಂಗ್.

ಅವನು ಮಾಡಿದ ಮೊದಲ ಕೆಲಸ, ಬಾನ್‌ಗೆ ಉಸಿರಾಟ ಹೇಳಿಕೊಟ್ಟದ್ದು. ಸಾಲು ಮುಗಿಯುವ ಮೊದಲೇ ದಮ್ಮು ತೀರಿದರೆ ಕೊನೆಯ ಪದ ಗಂಟಲಲ್ಲೇ ಕುಸಿಯುತ್ತದೆ. ಅದನ್ನು ಮುಚ್ಚಲು ಗಾಯಕ ಕಿರುಚುತ್ತಾನೆ, ಕಿರುಚಿದರೆ ಸ್ವರ ಜಾರುತ್ತದೆ. ಬೆಳಗಿನ ಜಾವ ಅಕಾರ ಸಾಧನೆ ಮಾಡಿಸುವ ನಮ್ಮ ಸಂಗೀತದ ಮೇಷ್ಟರುಗಳು ಬೈದು ಬೈದು ಹೇಳುವುದೂ ಇದನ್ನೇ. 'ಹೈವೇ ಟು ಹೆಲ್' ಆಲ್ಬಮ್ಮಿನ 'ಟಚ್ ಟೂ ಮಚ್' ಕೇಳಿ ನೋಡಿ. ಬಾನ್‌ನ ಪುಂಡಾಟಿಕೆ ಒಂದಿಷ್ಟೂ ಕಡಿಮೆಯಾಗಿಲ್ಲ, ಆದರೆ ಸಾಲಿನ ಕೊನೆಯ ಅಕ್ಷರದವರೆಗೂ ದನಿ ನೆಟ್ಟಗೆ ನಿಂತಿದೆ. ಕೋರಸ್ಸಿನಲ್ಲಿ ಲ್ಯಾಂಗ್ ತಾನೂ ದನಿಗೂಡಿಸಿದ. ಅವನ ಕಂಠ ಎದ್ದು ಕೇಳುತ್ತಿತ್ತಾದ್ದರಿಂದ ಮೈಕಿನಿಂದ ದೂರ, ಸ್ಟುಡಿಯೋದ ಆಚೆ ತುದಿಯಲ್ಲಿ ನಿಂತು ಹಾಡಬೇಕಾಯಿತಂತೆ. ಆ ತಂಡದ ಆಲ್ಬಮ್ಮೊಂದು ಅಮೆರಿಕದ ಪಟ್ಟಿಯಲ್ಲಿ ಮೊದಲ ಇಪ್ಪತ್ತರೊಳಗೆ ಬಂದದ್ದು ಅದೇ ಮೊದಲು.

ಮರುವರ್ಷ ಫೆಬ್ರುವರಿ 19ರಂದು ಬಾನ್ ಲಂಡನ್ನಿನಲ್ಲಿ ತೀರಿಕೊಂಡ. ವಯಸ್ಸು 33. ಅವನ ಜಾಗಕ್ಕೆ ನ್ಯೂಕ್ಯಾಸಲ್ ಕಡೆಯ ಬ್ರಯಾನ್ ಜಾನ್ಸನ್ ಬಂದ. ಬಹಾಮಾಸ್‌ನ ಕಾಂಪಸ್ ಪಾಯಿಂಟ್ ಸ್ಟುಡಿಯೋದಲ್ಲಿ 'ಬ್ಯಾಕ್ ಇನ್ ಬ್ಲ್ಯಾಕ್' ಶುರುವಾಯಿತು. ಅಲ್ಲಿ ಲ್ಯಾಂಗ್ ಕೊಟ್ಟ ಕಾಟವನ್ನು ಜಾನ್ಸನ್ ಆಮೇಲೆ ನಗುತ್ತಲೇ ಹೇಳಿಕೊಂಡಿದ್ದಾನೆ. ಒಂದು ಸ್ವರವನ್ನು ತುಸು ಹೆಚ್ಚು ಎಳೆದರೂ ತಡೆಯುತ್ತಿದ್ದನಂತೆ. ಮುಂದಿನ ಸಾಲಿಗೆ ಉಸಿರು ತೆಗೆದುಕೊಳ್ಳಲು ಜಾಗವೆಲ್ಲಿದೆ ಎಂದು ಕೇಳುತ್ತಿದ್ದನಂತೆ. ನಾಳೆ ಯಾರಾದರೂ ಕೇಳಿ, ಇದನ್ನು ಮನುಷ್ಯ ಒಂದೇ ಸಮ ಹಾಡಲು ಸಾಧ್ಯವಿಲ್ಲ, ತುಂಡು ತುಂಡು ಅಂಟಿಸಿದ್ದಾರೆ ಎನ್ನಬಾರದು ಎಂಬುದು ಅವನ ಹಟ. ಅಮೆರಿಕವೊಂದರಲ್ಲೇ 2.5 ಕೋಟಿಗೂ ಹೆಚ್ಚು ಮಾರಾಟದ ಲೆಕ್ಕ ಸಿಕ್ಕ ಆ ಆಲ್ಬಮ್ಮಿನಲ್ಲಿ ಜನ ಮೆಚ್ಚುವುದು ಗಿಟಾರನ್ನು. ನನಗೆ ಮಾತ್ರ ಸಾಲುಗಳ ನಡುವಿನ ಆ ಉಸಿರಿನ ಜಾಗಗಳೇ ಹೆಚ್ಚು ಹಿಡಿಸುತ್ತವೆ.

ಡೆಫ್ ಲೆಪರ್ಡ್ ತಂಡದ ಬಳಿಗೆ ಬರುವಷ್ಟರಲ್ಲಿ ಈ ಹಟ ಹುಚ್ಚಿನ ಅಂಚು ಮುಟ್ಟಿತ್ತು. 'ಪೈರೋಮೇನಿಯಾ' ಬಂದದ್ದು 1983ರಲ್ಲಿ. ಮುಂದಿನ 'ಹಿಸ್ಟೀರಿಯಾ' 1987ರ ಆಗಸ್ಟ್‌ವರೆಗೆ ಜನರ ಕೈಗೆ ಬರಲೇ ಇಲ್ಲ. ಮೊದಲು ದಣಿವೆಂದು ಲ್ಯಾಂಗ್ ಹಿಂದೆ ಸರಿದ. ಬದಲಿಗೆ ಬಂದ ಜಿಮ್ ಸ್ಟೈನ್‌ಮನ್‌ ಜೊತೆ ತಂಡ ಜಗಳ ಮಾಡಿಕೊಂಡಿತು. 1984ರ ಡಿಸೆಂಬರ್ 31ರಂದು ಡ್ರಮ್ಮರ್ ರಿಕ್ ಅಲೆನ್ ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡ. ಅಲೆನ್ ಕಾಲಿನಿಂದ ಬಾರಿಸಬಲ್ಲ ಎಲೆಕ್ಟ್ರಾನಿಕ್ ಡ್ರಮ್ಮುಗಳೊಂದಿಗೆ ಮತ್ತೆ ಕಲಿತ, ಲ್ಯಾಂಗ್ ಮರಳಿದ. ಆಮೇಲೆ ನಡೆದದ್ದು ಹಾಡುಗಾರಿಕೆಗಿಂತ ಕುಸುರಿ ಕೆಲಸ ಎನ್ನಬೇಕು. ಗಿಟಾರಿನ ಒಂದು ಕಾರ್ಡನ್ನೂ ಒಟ್ಟಿಗೆ ಮೀಟದೆ, ಒಂದೊಂದು ತಂತಿಯನ್ನು ಬೇರೆ ಬೇರೆ ರೆಕಾರ್ಡ್ ಮಾಡಿಸಿದ ಕಡೆಗಳಿವೆ. ಕೋರಸ್ಸಿನ ಒಂದು ಸಾಲನ್ನು ಎಲ್ಲರೂ ಮತ್ತೆ ಮತ್ತೆ ಹಾಡಿ ಪದರದ ಮೇಲೆ ಪದರ ಹಾಕುವುದು, ಅದರೊಳಗೆ ಲ್ಯಾಂಗ್‌ನದೇ ದನಿ ಸೇರಿಸುವುದು. ಐದು ಜನರ ತಂಡ ಐವತ್ತು ಜನರಂತೆ ಕೇಳುವ ಗುಟ್ಟು ಇದೇ.

ಇಷ್ಟೆಲ್ಲ ಆಗಿ ಆಲ್ಬಂ ಮುಗಿಯಿತು ಎನ್ನುವ ಹೊತ್ತಿಗೆ, ಬಿಡುವಿನಲ್ಲಿ ಗಾಯಕ ಜೋ ಎಲಿಯಟ್ ಸುಮ್ಮನೆ ಗಿಟಾರ್ ಕೆರೆಯುತ್ತಿದ್ದುದು ಲ್ಯಾಂಗ್ ಕಿವಿಗೆ ಬಿತ್ತು. ಇದನ್ನೂ ಮಾಡಲೇಬೇಕು ಎಂದ. ಸಾಹಿತ್ಯ ಇರಲಿಲ್ಲ. ಇಬ್ಬರೂ ಒಂದೊಂದು ಪುಟ್ಟ ಟೇಪ್ ರೆಕಾರ್ಡರ್ ಹಿಡಿದು ಕೋಣೆಯ ಒಂದೊಂದು ಮೂಲೆ ಸೇರಿ, ಅರ್ಥವಿಲ್ಲದ್ದನ್ನೆಲ್ಲ ತಾಳಕ್ಕೆ ಸರಿಯಾಗಿ ಬಡಬಡಿಸಿ, ಆಮೇಲೆ ಟೇಪ್ ಅದಲುಬದಲು ಮಾಡಿಕೊಂಡರು. ಒಬ್ಬ ಒದರಿದ್ದು ಇನ್ನೊಬ್ಬನಿಗೆ ಹೇಗೆ ಕೇಳಿಸಿತೋ ಅದೇ ಸಾಲಾಯಿತು. 'ಪೋರ್ ಸಮ್ ಶುಗರ್ ಆನ್ ಮಿ' ಹುಟ್ಟಿದ್ದು ಹೀಗೆ. 50 ಲಕ್ಷ ಪ್ರತಿ ಮಾರಿದರೆ ಮಾತ್ರ ಹಾಕಿದ ದುಡ್ಡು ಹುಟ್ಟುತ್ತದೆ ಎಂದು ತಂಡದವರು ಲೆಕ್ಕ ಹಾಕಿ ಹೆದರಿದ್ದರು. ಕೊನೆಗೆ 2 ಕೋಟಿ ದಾಟಿತು.

ನಡುವೆ ಫಾರಿನರ್, ದಿ ಕಾರ್ಸ್, ಬಿಲ್ಲಿ ಓಷನ್. 1991ರಲ್ಲಿ ಬ್ರಯಾನ್ ಆಡಮ್ಸ್ ಮತ್ತು ಮೈಕಲ್ ಕೇಮನ್ ಜೊತೆ ಸೇರಿ ಬರೆದ ಪ್ರೇಮಗೀತೆ ಬ್ರಿಟನ್ನಿನಲ್ಲಿ ಸತತ 16 ವಾರ ಮೊದಲ ಸ್ಥಾನ ಬಿಡಲಿಲ್ಲ. ಬೆಂಗಳೂರಿನ ಕಾಲೇಜು ಹುಡುಗರು ಮದುವೆ ಆರ್ಕೆಸ್ಟ್ರಾದಲ್ಲೂ ಹಾಡಿದ ಆ ಹಾಡು ಆಡಮ್ಸ್‌ದೆಂದು ಎಲ್ಲರಿಗೂ ಗೊತ್ತು. ಲ್ಯಾಂಗ್ ಎಂದರೆ ಯಾರು ಅಂತಾರೆ.

ಶನಾಯ ಟ್ವೇನ್‌ಳ ಮೊದಲ ಆಲ್ಬಂ ಕೇಳಿ ಅವನೇ ಫೋನ್ ಮಾಡಿದ. ಕೆನಡಾದ ಆ ಹುಡುಗಿಗೆ ಅವನು ಯಾರೆಂದೇ ಗೊತ್ತಿರಲಿಲ್ಲ. 1993ರ ಡಿಸೆಂಬರಿನಲ್ಲಿ ಮದುವೆಯಾಯಿತು. ಇಬ್ಬರೂ ಕೂಡಿ ಬರೆದ 'ಕಮ್ ಆನ್ ಓವರ್' 4 ಕೋಟಿಯಷ್ಟು ಮಾರಾಟವಾಯಿತು. 2002ರ 'ಅಪ್!' ಆಲ್ಬಮ್ಮನ್ನು ಮೂರು ಬಗೆಯಲ್ಲಿ ಮಾಡಿದರು: ಕೆಂಪು ಡಿಸ್ಕಿನಲ್ಲಿ ಪಾಪ್, ಹಸಿರಿನಲ್ಲಿ ಕಂಟ್ರಿ, ನೀಲಿಯಲ್ಲಿ ಭಾರತೀಯ ಛಾಯೆ. ಆ ನೀಲಿ ಡಿಸ್ಕಿಗೆ ಕೈಜೋಡಿಸಿದವರು ಬರ್ಮಿಂಗ್‌ಹ್ಯಾಮಿನ ದುಗ್ಗಲ್ ಸಹೋದರರು, ಸೈಮನ್ ಮತ್ತು ಡೈಮಂಡ್. ಲ್ಯಾಂಗ್ ಸಸ್ಯಾಹಾರಿ, ಉತ್ತರ ಭಾರತದ ಸಂತಮತದ ಅನುಯಾಯಿ. ಒಳಗಿನ ನಾದ ಕೇಳಿಸಿಕೊಳ್ಳುವ ಸಾಧನೆಯದು. ಹೊರಗಿನ ಪ್ರತಿ ನಾದದಲ್ಲೂ ತಪ್ಪು ಹುಡುಕುತ್ತಿದ್ದವನಿಗೆ ಅದು ಹೇಗೆ ಒಗ್ಗಿತೋ! ದಾಂಪತ್ಯ ಮುಂದೆ ಮುರಿಯಿತು. ಆ ಕಥೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ, ನನಗೆ ಆಸಕ್ತಿಯಿಲ್ಲ.

ಹಿಂದೆ ಕ್ಯಾಸೆಟ್ ಕೊಂಡರೆ ಒಳಗೊಂದು ಮಡಚಿದ ಕಾಗದ ಇರುತ್ತಿತ್ತು. ಇರುವೆ ಗಾತ್ರದ ಅಕ್ಷರಗಳಲ್ಲಾದರೂ ಪ್ರೊಡ್ಯೂಸರ್, ಎಂಜಿನಿಯರ್, ಹಿಂದೆ ಹಾಡಿದವರ ಹೆಸರು ಸಿಗುತ್ತಿತ್ತು. ಈಗ ಫೋನಿನಲ್ಲಿ ಹಾಡು ಬಂದರೆ ಕಾಣುವುದು ಗಾಯಕನ ಹೆಸರು, ಒಂದು ಚೌಕಾಕಾರದ ಚಿತ್ರ. ಉಳಿದದ್ದು ಬೇಕೆಂದರೆ ಎಲ್ಲೆಲ್ಲೋ ಒತ್ತಿ ತಡಕಾಡಬೇಕು. ಹಾಗೆ ತಡಕಿದರೂ 'ಉಸಿರಾಟ ಕಲಿಸಿದವರು' ಎಂಬ ಕಾಲಂ ಇರುವುದಿಲ್ಲ ಬಿಡಿ, ಹಳೆಯ ಕಾಗದದಲ್ಲೂ ಇರಲಿಲ್ಲ. ಲ್ಯಾಂಗ್‌ಗೂ ಇದರ ಚಿಂತೆ ಇದ್ದಂತಿಲ್ಲ. ದಶಕಗಳಿಂದ ಅವನು ಸಂದರ್ಶನ ಕೊಟ್ಟಿಲ್ಲ, ಫೋಟೋಗಳೂ ಬೆರಳೆಣಿಕೆಯಷ್ಟು. 2015ರಲ್ಲಿ ಮ್ಯೂಸ್ ತಂಡದ 'ಡ್ರೋನ್ಸ್' ಮಾಡಿಕೊಟ್ಟ. 2022ರಲ್ಲಿ ಬ್ರಯಾನ್ ಆಡಮ್ಸ್‌ಗೆ ಮತ್ತೆ ಹಾಡು ಬರೆದ, ಆಗಲೂ ಪತ್ರಿಕೆಗಳವರ ಜೊತೆ ಮಾತಾಡಿದ್ದು ಆಡಮ್ಸ್ ಒಬ್ಬನೇ.