ಬೇಡವಾದ ಪುಸ್ತಕಕ್ಕೆ ಬೆಲೆ ಬರುವ ಬಗೆ

ಷೇಕ್ಸ್‌ಪಿಯರನ ನಾಟಕಗಳನ್ನು ಒಟ್ಟುಗೂಡಿಸಿ 1623ರಲ್ಲಿ ಅಚ್ಚು ಹಾಕಿದ ‘ಫಸ್ಟ್ ಫೋಲಿಯೋ’ದ ಒಂದು ಪ್ರತಿ ಆಗಲೇ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯ ಸೇರಿತ್ತು. 1660ರ ದಶಕದಲ್ಲಿ ಇನ್ನಷ್ಟು ನಾಟಕಗಳಿದ್ದ ಮೂರನೆಯ ಮುದ್ರಣ ಬಂದ ಮೇಲೆ ಗ್ರಂಥಾಲಯ ಹಳೆಯದನ್ನು ಹೆಚ್ಚುವರಿಯೆಂದು ಮಾರಿತು. ಅದೇ ಪ್ರತಿ 1905ರಲ್ಲಿ ಬೆಳಕಿಗೆ ಬಂದಾಗ ಅಮೆರಿಕದ ಸಂಗ್ರಾಹಕ ಹೆನ್ರಿ ಫೋಲ್ಜರ್ 3,000 ಪೌಂಡ್ ಕೊಡಲು ಮುಂದಾದ. ಗ್ರಂಥಾಲಯ ಜನರಿಂದ ಚಂದಾ ಎತ್ತಿ, ಅಷ್ಟೇ ಹಣ ತೆತ್ತು ಅದನ್ನು ಮರಳಿ ಕೊಂಡಿತು. ಕಾಗದ ಅದೇ, ಅಚ್ಚು ಅದೇ. ಬದಲಾದದ್ದು ಅದನ್ನು ಬಯಸುವವರ ಸಂಖ್ಯೆ. ಹಳೆಯ ಪುಸ್ತಕದ ಬೆಲೆಯನ್ನು ಅದರ ವಯಸ್ಸಾಗಲಿ ವಿರಳತೆಯಾಗಲಿ ತಾನಾಗಿ ನಿರ್ಧರಿಸುವುದಿಲ್ಲ. ಎಷ್ಟು ಪ್ರತಿಗಳು ಮಾರಾಟಕ್ಕೆ ಬರಬಲ್ಲವು, ಎಷ್ಟು ಜನ ಅದಕ್ಕಾಗಿ ಕಾದಿದ್ದಾರೆ ಎಂಬುದೇ ಮುಖ್ಯ.

ಫಸ್ಟ್ ಫೋಲಿಯೋ ಸುಮಾರು 750 ಪ್ರತಿ ಅಚ್ಚಾಗಿರಬಹುದೆಂದು ವಿದ್ವಾಂಸರ ಅಂದಾಜು. ಈಗಲೂ 235ರಷ್ಟು ಉಳಿದಿವೆ. ನಾನೂರು ವರ್ಷದ ಪುಸ್ತಕಕ್ಕೆ ಇದು ಸಣ್ಣ ಸಂಖ್ಯೆಯಲ್ಲ. ಅದೇ ಕಾಲದ ಎಷ್ಟೋ ಧರ್ಮೋಪದೇಶದ ಹೊತ್ತಿಗೆಗಳು ಒಂದೆರಡೇ ಪ್ರತಿ ಉಳಿದಿದ್ದರೂ ಅವುಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಫೋಲಿಯೋದ ಒಂದು ಪೂರ್ಣ ಪ್ರತಿಯಾದರೋ 2020ರಲ್ಲಿ ಹತ್ತಿರಹತ್ತಿರ ಒಂದು ಕೋಟಿ ಡಾಲರಿಗೆ ಹರಾಜಾಯಿತು. 82 ಪ್ರತಿಗಳು ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯವೊಂದರಲ್ಲೇ ಇವೆ, ಉಳಿದವುಗಳಲ್ಲಿ ಬಹುಪಾಲು ಇಂಥವೇ ಸಂಸ್ಥೆಗಳ ಸ್ವತ್ತು. ಗ್ರಂಥಾಲಯದ ಕಪಾಟು ಸೇರಿದ ಪುಸ್ತಕ ಪೇಟೆಗೆ ಮರಳುವುದು ಅಪರೂಪ. 1455ರ ಸುಮಾರಿನ ಗುಟೆನ್‌ಬರ್ಗ್ ಬೈಬಲ್ಲಿನ 49ರಷ್ಟು ಪ್ರತಿಗಳು ಉಳಿದಿದ್ದರೂ ಪೂರ್ಣ ಪ್ರತಿಯೊಂದು ಕೊನೆಯ ಬಾರಿ ಮಾರಾಟವಾದದ್ದು 1978ರಲ್ಲಿ. ಸಂಗ್ರಾಹಕರು ತೀರಿಕೊಂಡಾಗಲೋ ಸಂಸ್ಥೆಗಳಿಗೆ ಹಣದ ಅಗತ್ಯ ಬಿದ್ದಾಗಲೋ ಮಾತ್ರ ಬಾಗಿಲು ತೆರೆಯುತ್ತದೆ. ಬಾಸ್ಟನ್ನಿನ ಒಂದು ಚರ್ಚು 1640ರ ‘ಬೇ ಸಾಮ್ ಬುಕ್’ ಕೀರ್ತನೆಗಳ ಪುಸ್ತಕವನ್ನು 2013ರಲ್ಲಿ ಮಾರಿದಾಗ 1.4 ಕೋಟಿ ಡಾಲರು ಬಂತು. ಅದರ 11 ಪ್ರತಿಗಳಷ್ಟೇ ಉಳಿದಿವೆ. ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಅಚ್ಚಾದ ಮೊದಲ ಪುಸ್ತಕವೆಂಬ ಹೆಮ್ಮೆಯೂ ಜೊತೆಗೂಡಿತ್ತು.

ಹೊಸ ಪುಸ್ತಕಗಳಿಗೂ ಇದೇ ಲೆಕ್ಕ. ಹ್ಯಾರಿ ಪಾಟರ್ ಸರಣಿಯ ಮೊದಲ ಕಾದಂಬರಿಯ ಗಟ್ಟಿ ರಟ್ಟಿನ ಪ್ರತಿಗಳು 1997ರ ಮೊದಲ ಮುದ್ರಣದಲ್ಲಿ 500 ಮಾತ್ರ. ಹೆಚ್ಚಿನವು ಗ್ರಂಥಾಲಯಗಳಿಗೆ ಹೋಗಿ ಮೊಹರು ಬಿದ್ದು, ಮಕ್ಕಳ ಕೈಯಲ್ಲಿ ಸವೆದವು. ಅಂದು ಓದಿದ ಮಕ್ಕಳು ದುಡಿಯುವ ವಯಸ್ಸಿಗೆ ಬಂದಾಗ ಚೊಕ್ಕವಾದ ಪ್ರತಿಗಳು ಬೆರಳೆಣಿಕೆಯಷ್ಟಿದ್ದವು. 2021ರಲ್ಲಿ ಒಂದು 4,71,000 ಡಾಲರಿಗೆ ಹೋಯಿತು.

ಅಂತರ್ಜಾಲದಲ್ಲಿ ಎಲ್ಲವೂ ಸಿಗುವಾಗ ಈ ಬೆಲೆ ಕುಸಿಯಬೇಡವೇ ಎಂದು ಕೇಳಬಹುದು. ಭಾಗಶಃ ಕುಸಿದಿದೆ. ಊರಿನ ಅಂಗಡಿಯಲ್ಲಿ ಅಪರೂಪವೆನಿಸಿದ್ದ ಪುಸ್ತಕದ ಇಪ್ಪತ್ತು ಪ್ರತಿಗಳು ಪರದೆಯ ಮೇಲೆ ಒಟ್ಟಿಗೆ ಕಂಡಾಗ ಅದರ ಬೆಲೆ ಇಳಿಯಿತು. ಎಲ್ಲಿ ಹುಡುಕಿದರೂ ಸಿಗದ್ದು ನಿಜಕ್ಕೂ ವಿರಳವೆಂದು ಖಚಿತವಾಗಿ ಇನ್ನಷ್ಟು ಏರಿತು. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಹೊರತಂದ ಕಿಟೆಲ್ ನಿಘಂಟನ್ನು ಇಂದು ಮರುಮುದ್ರಣದಲ್ಲೂ ಪರದೆಯ ಮೇಲೂ ನೋಡಬಹುದು. ಅರ್ಥ ಹುಡುಕುವವರಿಗೆ ಅಷ್ಟು ಸಾಕು. ಮೂಲ ಪ್ರತಿ ಅರಸುವವರಿಗೆ ಆ ಕಾಗದ, ಆ ಅಚ್ಚು, ಆ ರಟ್ಟೇ ಬೇಕು. ಹಾಗಾದರೆ ಇದು ಬರೀ ಉಳ್ಳವರ ಹವ್ಯಾಸವಲ್ಲವೇ? ಬೆಲೆಯ ತುತ್ತತುದಿಯಲ್ಲಿ ಹೌದು. ಆದರೆ ಕೇಳುವವರಿರುವುದೇ ಪುಸ್ತಕಕ್ಕೆ ಕಾವಲು. ನಮ್ಮ ಹಳೆಯ ಕನ್ನಡ ಪುಸ್ತಕಗಳು ರದ್ದಿಯ ತಕ್ಕಡಿ ಏರುವುದು ವಿರಳತೆ ಸಾಲದೆ ಅಲ್ಲ, ಕೇಳುವವರಿಲ್ಲದೆ. ಯಾವ ಪುಸ್ತಕ ಎಲ್ಲಿ ಅಚ್ಚಾಯಿತು, ಯಾವ ಮುದ್ರಣ ಎಲ್ಲಿ ಉಳಿದಿದೆ ಎಂದು ದಾಖಲಿಸುವ ಗ್ರಂಥಸೂಚಿಗಳು ಇಂಥ ಕೇಳುವವರನ್ನು ಹುಟ್ಟಿಸುತ್ತವೆ. 1905ರಲ್ಲಿ ಬೋಡ್ಲಿಯನ್ನಿನವರು ಕಳೆದುಹೋದ ತಮ್ಮ ಪ್ರತಿಯನ್ನು ಗುರುತಿಸಿದ್ದು ಅದರ ರಟ್ಟಿನ ಕಟ್ಟಿನಿಂದ. ಬೆಲೆ ಕಟ್ಟುವ ಮಾತು ಆಮೇಲೆ ಬಂತು. ಮೊದಲು ಬೇಕಾದದ್ದು ಆ ಗುರುತು ಬಲ್ಲ ಕಣ್ಣು.