ಬೆಳ್ಳಿ ಹುಡುಕಲು ಯಾವ ಆವೃತ್ತಿ?

ಮಕ್ಕಳೇ, 1992ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಗಿತ್ತು. ಅವರ ಗೆಳೆಯರು ಲೋಹಶೋಧಕ ಹಿಡಿದು ಹುಡುಕಲು ಬಂದರು. ಯಂತ್ರ ಕೂಗಿದ ಕಡೆ ಅಗೆದರೆ ಬೆಳ್ಳಿಯ ಚಮಚಗಳು, ಚಿನ್ನದ ಒಡವೆ, ರಾಶಿ ನಾಣ್ಯ! ಅವರು ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ಸುದ್ದಿ ತಿಳಿಸಿದರು. ಪುರಾತತ್ತ್ವ ತಜ್ಞರು ಬಂದು ಎಣಿಸಿದಾಗ ರೋಮನ್ ಕಾಲದ ನಾಣ್ಯಗಳೇ ಸುಮಾರು 15 ಸಾವಿರ. ಹೆಚ್ಚಿನವು ಬೆಳ್ಳಿಯವು. (ಸುತ್ತಿಗೆಯೂ ಸಿಕ್ಕಿತು. ಅದನ್ನೂ ಬ್ರಿಟಿಷ್ ಮ್ಯೂಸಿಯಂ ಇಟ್ಟುಕೊಂಡಿದೆ!)

ಮಣ್ಣಿನೊಳಗಿನ ಬೆಳ್ಳಿ ಯಂತ್ರಕ್ಕೆ ತಿಳಿಯುವುದು ಹೇಗೆ? ಶೋಧಕದ ತುದಿಯ ತಟ್ಟೆಯಲ್ಲಿ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಹಿಂದಕ್ಕೂ ಮುಂದಕ್ಕೂ ಹರಿಯುವ ವಿದ್ಯುತ್ತು ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಈ ಕ್ಷೇತ್ರ ತಾಗಿದ ನಾಣ್ಯದೊಳಗೆ, ಹೊಳೆಯ ಸುಳಿಯಂತೆ, ಸುತ್ತುವ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಸುಳಿಗೂ ತನ್ನದೇ ಕಾಂತಕ್ಷೇತ್ರವಿದೆ. ಇನ್ನೊಂದು ಸುರುಳಿ ಅದನ್ನು ಗುರುತಿಸಿದಾಗ ಯಂತ್ರ ಕೂಗುತ್ತದೆ.

ಸುರುಳಿಯ ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಹೋಗಿ ಬರುತ್ತದೋ ಅದೇ ಆವೃತ್ತಿ. 5 ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ 5 ಸಾವಿರ ಸಲ. ಲೋಹಗಳಲ್ಲೆಲ್ಲ ಬೆಳ್ಳಿಯೇ ಅತ್ಯುತ್ತಮ ವಿದ್ಯುದ್ವಾಹಕ. ಅಜ್ಜಿಯ ಪೆಟ್ಟಿಗೆಯಲ್ಲಿರುವ ರಾಣಿ ಛಾಪಿನ ರೂಪಾಯಿಯನ್ನು ನೋಡಿದ್ದೀರಾ? ಅಂಥ ದಪ್ಪ ನಾಣ್ಯದಲ್ಲಿ ಹುಟ್ಟಿದ ಸುಳಿ ನಿಧಾನವಾಗಿ ಆರುತ್ತದೆ. ಹಾಗಾಗಿ 4ರಿಂದ 8 ಕಿಲೋಹರ್ಟ್ಸ್‌ನ ಕಡಿಮೆ ಆವೃತ್ತಿಗೂ ಅದು ಚೆನ್ನಾಗಿ ಉತ್ತರ ಕೊಡುತ್ತದೆ.

ಹಾಗಾದರೆ ಬೆಳ್ಳಿಗೆ ಯಾವಾಗಲೂ ಕಡಿಮೆ ಆವೃತ್ತಿಯೇ ಸರಿಯೇ? ಇಲ್ಲ! ಮಧ್ಯಯುಗದ ಇಂಗ್ಲೆಂಡಿನ ಬೆಳ್ಳಿ ಪೆನ್ನಿ ಒಂದೂವರೆ ಗ್ರಾಂ ಕೂಡ ತೂಗುತ್ತಿರಲಿಲ್ಲ. ಚಿಲ್ಲರೆಗಾಗಿ ಜನ ಅದನ್ನೂ ಎರಡು, ನಾಲ್ಕು ತುಂಡು ಮಾಡುತ್ತಿದ್ದರು. ಇಂಥ ತೆಳು ಚೂರಿನಲ್ಲಿ ಸುಳಿಗೆ ದಾರಿ ಇಕ್ಕಟ್ಟು. ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಅದನ್ನು ಎಬ್ಬಿಸಲು 15ರಿಂದ 40 ಕಿಲೋಹರ್ಟ್ಸ್ ಬೇಕು. 5ರಲ್ಲಿ ಹುಡುಕಿದವರು ಅದರ ಮೇಲೆಯೇ ನಡೆದುಹೋಗಬಹುದು.

ಆದರೆ ಆವೃತ್ತಿ ಏರಿಸಿದರೆ ಚಾಕೊಲೇಟ್ ಸುತ್ತಿದ ಹಾಳೆಯೂ ಜೋರಾಗಿ ಕೂಗಿಸುತ್ತದೆ. ಉಪ್ಪುನೀರು ಕುಡಿದ ಕಡಲತೀರದ ಮರಳಂತೂ ತಾನೇ ಸದ್ದೆಬ್ಬಿಸುತ್ತದೆ. ಅದಕ್ಕೇ ಈಗಿನ ಹಲವು ಯಂತ್ರಗಳು ಒಟ್ಟಿಗೆ ಹಲವು ಆವೃತ್ತಿಗಳನ್ನು ಕಳಿಸುತ್ತವೆ. ಆದರೂ ತಾಮ್ರದ ನಾಣ್ಯವೋ ಬೆಳ್ಳಿಯದೋ ಎಂದು ಖಚಿತವಾಗಿ ಹೇಳಲು ಅವುಗಳಿಗೂ ಆಗದು.

ಹಾಕ್ಸನ್‌ನ ನಿಧಿ ಮರದ ಪೆಟ್ಟಿಗೆಯಲ್ಲಿತ್ತೆಂದು ಯಾವ ಆವೃತ್ತಿಯೂ ತಿಳಿಸಲಿಲ್ಲ. ಮರ ಎಂದೋ ಕೊಳೆತುಹೋಗಿತ್ತು. ಮಣ್ಣು ಕೆದಕದೆ ಬಿಟ್ಟಿದ್ದರಿಂದಲೇ ವಸ್ತುಗಳು ಇದ್ದ ಜಾಗದಲ್ಲೇ ಇದ್ದವು. ಅವುಗಳ ನಡುವೆ ಸಿಕ್ಕ ಪುಟ್ಟ ಬೆಳ್ಳಿ ಬೀಗಗಳನ್ನೂ ನೋಡಿ ತಜ್ಞರು ಪೆಟ್ಟಿಗೆಯ ಆಕಾರವನ್ನು ಊಹಿಸಿದರು.