ಹಿತ್ತಲ ಹೂಕೋಸು, ರಾತ್ರಿಯ ಹಗುರ ಊಟ



ಪೋತ್ನಾಳದ ಸುತ್ತ ಈಗ ಎತ್ತ ನೋಡಿದರೂ ಭತ್ತ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು, ಎಡದಂಡೆ ಕಾಲುವೆಯ ನೀರು ಸಿಂಧನೂರು, ಮಾನ್ವಿಗಳ ಕಡೆ ಹರಿದ ಮೇಲೆ ಜೋಳದ ಹೊಲಗಳು ಗದ್ದೆಗಳಾದವು. ಕೈಗೆ ಕಾಸು ಬಂತು ನಿಜ. ಆದರೆ ಅಕ್ಕಡಿ ಸಾಲಿನಲ್ಲಿ ಸಿಗುತ್ತಿದ್ದ ಕಾಯಿಪಲ್ಯ ಹೋಯಿತು. ಮಾರುವುದನ್ನು ಬೆಳೆದು, ಉಣ್ಣುವುದನ್ನು ಕೊಳ್ಳುವ ಕಾಲ ಬಂತು.

ಮೊನ್ನೆ ಇಂಥದೇ ಒಂದು ಮನೆಗೆ ಹೋಗಿದ್ದೆ. ಎಂಟು ಎಕರೆ ಗದ್ದೆ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ. ರಾತ್ರಿಗೆ ಅನ್ನ, ತಿಳಿಸಾರು. ಹಲ್ಲು ಬಿದ್ದ ಅಜ್ಜಿ ರೊಟ್ಟಿ ಅಗಿಯಲಾಗದೆ ನಾಲ್ಕು ತುತ್ತು ಅನ್ನ ಉಂಡು ಮಲಗಿದರು. ಸಂತೆಯಿಂದ ತಂದ ಹೂಕೋಸಿನ ಎಲೆ, ದಂಟು ಎಮ್ಮೆಯ ಪಾಲಾಗಿತ್ತು. ಎಮ್ಮೆಯ ಹಾಲೆಲ್ಲ ಡೇರಿಯ ಪಾಲಾಗಿತ್ತು. ಆ ಅಜ್ಜಿಗೆ ಬೇಕಾದ ಊಟ ಆ ಮನೆಯಲ್ಲೇ ಇತ್ತು, ಆದರೆ ಅವರ ಬಟ್ಟಲಿಗೆ ಬರಲಿಲ್ಲ.

ಅಮೆರಿಕದ ಕಡಲ ತೀರದ ಜನ ಮೀನು, ಆಲೂಗಡ್ಡೆ, ಹಾಲು ಸೇರಿಸಿ 'ಚೌಡರ್' ಎಂಬ ಗಟ್ಟಿ ಸಾರು ಮಾಡುತ್ತಾರೆ. ಮೀನಿನ ಬದಲು ಹೂಕೋಸು ಹಾಕುವುದೂ ಉಂಟು. ಸಾರು ಗಟ್ಟಿಯಾಗಲು ಅವರು ಮೈದಾ ಹಾಕಿದರೆ ನಮಗೆ ಜೋಳದ ಹಿಟ್ಟೇ ಸಾಕು. ಗಂಜಿ, ಅಂಬಲಿ ಕಾಸಿ ಬಲ್ಲ ನಮ್ಮ ತಾಯಂದಿರಿಗೆ ಇದು ಹೊಸ ವಿದ್ಯೆಯೇನಲ್ಲ.

ಐದು ಜನರಿಗೆ ಬೇಕಾಗುವ ಸಾಮಾನು: ಅರ್ಧ ಕಿಲೋ ತೂಗುವ ಒಂದು ಹೂಕೋಸು, ಎರಡು ಆಲೂಗಡ್ಡೆ, ಒಂದು ಉಳ್ಳಾಗಡ್ಡಿ, ಐದಾರು ಎಸಳು ಬಳ್ಳೊಳ್ಳಿ, ಮೂರು ದೊಡ್ಡ ಚಮಚ ಜೋಳದ ಹಿಟ್ಟು, ಅರ್ಧ ಲೀಟರ್ ಕಾಯಿಸಿದ ಹಾಲು, ಒಂದು ಚಮಚ ಎಣ್ಣೆ, ಜೀರಿಗೆ, ಮೆಣಸಿನ ಪುಡಿ ಅಲ್ಲ, ಕುಟ್ಟಿದ ಕರಿಮೆಣಸು, ಉಪ್ಪು, ಕೊತ್ತಂಬರಿ.

ಹೂವನ್ನು ಬಿಡಿಸಿ, ಉಪ್ಪು ಅರಿಸಿನ ಹಾಕಿದ ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಒಳಗಿನ ಹುಳು ಹೊರಬರುತ್ತವೆ. ದಂಟಿನ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ. ಎಳೆ ಎಲೆಗಳನ್ನು ಎಸೆಯಬೇಡಿ. ಸುಣ್ಣದ ಅಂಶ ಹೂವಿಗಿಂತ ಎಲೆಯಲ್ಲೇ ಹೆಚ್ಚು.

ಎಣ್ಣೆಯಲ್ಲಿ ಜೀರಿಗೆ, ಬಳ್ಳೊಳ್ಳಿ, ಉಳ್ಳಾಗಡ್ಡಿ ಬಾಡಿಸಿ. ಆಲೂಗಡ್ಡೆ, ದಂಟು, ಮೂರು ಲೋಟ ನೀರು ಹಾಕಿ ಮುಚ್ಚಿ ಹತ್ತು ನಿಮಿಷ ಬೇಯಿಸಿ. ಆಮೇಲೆ ಹೂವು, ಎಲೆ ಸೇರಿಸಿ ಮತ್ತೆ ಏಳೆಂಟು ನಿಮಿಷ. ಬೇಯಿಸಿದ ನೀರನ್ನು ಬಸಿದು ಚೆಲ್ಲಬಾರದು. ಹೂಕೋಸಿನ 'ಸಿ' ಜೀವಸತ್ವ ನೀರಿಗೆ ಇಳಿಯುವಂಥದ್ದು. ಬೆಂದದ್ದರಲ್ಲಿ ಅರ್ಧವನ್ನು ಸೌಟಿನಿಂದ ಮಸೆಯಿರಿ. ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ ಹಾಕಿ, ಹಸಿ ವಾಸನೆ ಹೋಗುವ ತನಕ ಕೈಯಾಡಿಸಿ. ಉರಿ ತಗ್ಗಿಸಿ ಹಾಲು ಬೆರೆಸಿ. ಬಿಸಿಯಾದರೆ ಸಾಕು, ಕುದಿಸಬೇಡಿ. ಉಪ್ಪು, ಕರಿಮೆಣಸು, ಕೊತ್ತಂಬರಿ ಕೊನೆಗೆ. ಅರ್ಧ ಗಂಟೆಯ ಕೆಲಸ. ಖಡಕ್ ರೊಟ್ಟಿ ಮುರಿದು ಹಾಕಿ ನೆನೆಸಿದರೆ ಹಲ್ಲಿಲ್ಲದವರೂ ಉಣ್ಣಬಹುದು, ಮಕ್ಕಳೂ ಬೇಡವೆನ್ನುವುದಿಲ್ಲ.

ಇನ್ನು ಹೂಕೋಸಿನ ಮಾತು. 1822ರಲ್ಲಿ ಇಂಗ್ಲೆಂಡಿನಿಂದ ಸಹಾರನ್‌ಪುರಕ್ಕೆ ಬಂದ ಬೆಳೆ ಇದು. ಮೂಲತಃ ತಂಪು ಬಯಸುತ್ತದೆ. ನಮ್ಮ ಬಿಸಿಲಿಗೆ ಪೂಸಾ ದೀಪಾಲಿಯಂಥ ಬೇಗ ಬರುವ ತಳಿಯೇ ಆಗಬೇಕು. ಸ್ನೋಬಾಲ್ ತಳಿಗೆ ಇಲ್ಲಿನ ಚಳಿ ಸಾಲದು. ಸೆಪ್ಟೆಂಬರಿನಲ್ಲಿ ಸಸಿಮಡಿ ಮಾಡಿ, 25ರಿಂದ 30 ದಿನದ ಸಸಿಗಳನ್ನು ನಾಟಿ ಮಾಡಿ. ಸಸಿ ಬಲಿತರೆ ಹೂವು ಗುಂಡಿಯಷ್ಟೇ ಆಗಿ ನಿಲ್ಲುತ್ತದೆ. ಕರಿಮಣ್ಣಿನಲ್ಲಿ ನೀರು ನಿಲ್ಲದಂತೆ ಏರುಮಡಿ ಹಾಕಿ, ಎರಡು ಅಡಿಗೊಂದು ಸಾಲು, ಸಾಲಿನಲ್ಲಿ ಒಂದೂವರೆ ಅಡಿಗೊಂದು ಗಿಡ ಇಡಿ. ಹತ್ತು ಗಿಡಕ್ಕೆ 30 ಚದರ ಅಡಿ ಸಾಕು. ಐದೈದರಂತೆ ಹದಿನೈದು ದಿನ ಬಿಟ್ಟು ನೆಟ್ಟರೆ ಎಲ್ಲವೂ ಒಮ್ಮೆಗೇ ಬರುವುದಿಲ್ಲ. ಹೂವು ಮೂಡಿದಾಗ ಅದರದೇ ಎಲೆಗಳನ್ನು ಮೇಲೆ ಕಟ್ಟಿದರೆ ಬೆಳ್ಳಗೆ ಉಳಿಯುತ್ತದೆ. ಹುಳಕ್ಕೆ, ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿ ರಾತ್ರಿ ನೆನೆಸಿ, ಸೋಸಿ ಸಿಂಪಡಿಸಿ. ಭತ್ತಕ್ಕೆ ತಂದು ಉಳಿದ ಔಷಧವನ್ನು ಮನೆಯ ಪಲ್ಯಕ್ಕೆ ಖಂಡಿತ ಹೊಡೆಯಬೇಡಿ.

ಕಾಲುವೆ ಕೊನೆಯ ನಮ್ಮ ಊರುಗಳಿಗೆ ನೀರು ಯಾವಾಗ ಬರುತ್ತದೋ ಹೇಳಲಾಗದು. ಹತ್ತು ಗಿಡಕ್ಕೆ ಅಡುಗೆಮನೆಯಲ್ಲಿ ಅಕ್ಕಿ, ಕಾಯಿಪಲ್ಯ ತೊಳೆದ ನೀರೇ ಬಹುಪಾಲು ಆಗುತ್ತದೆ. ಡೇರಿಗೆ ಹಾಲು ಹಾಕುವ ಮುನ್ನ ಅರ್ಧ ಲೀಟರ್ ಮನೆಗೆ ತೆಗೆದಿಡಿ. ಊರಿಗೆಲ್ಲ ಅನ್ನ ಬೆಳೆದು ಕೊಡುವ ಮನೆಯಲ್ಲಿ ಹಿರಿಯರು ಅರೆಹೊಟ್ಟೆಯಲ್ಲಿ ಮಲಗುವುದು ಸಲ್ಲದು. ಈ ಸೆಪ್ಟೆಂಬರಿನಲ್ಲಿ ಹಿತ್ತಲಿಗೆ ಹತ್ತು ಸಸಿ ಇಟ್ಟು ನೋಡಿ.